ಬೆಡಗಿನ ಪರಂಪರೆಯಲ್ಲಿ ಭಾವದ ಜಾಗ: ಗುರುದತ್‌ರಿಂದ ಭನ್ಸಾಲಿವರೆಗೆ

ಸಿನಿಮಾವೊಂದು ಕಣ್ಣಿಗೆ ತೀರಾ ಚೆಂದ ಕಂಡರೆ ಅನುಮಾನ ಪಡುವುದು ನಮ್ಮ ಗಂಭೀರ ಪ್ರೇಕ್ಷಕರ ಹಳೆಯ ಅಭ್ಯಾಸ. ಸೆಟ್ಟಿಗೆ, ಬೆಳಕಿಗೆ ಇಷ್ಟೊಂದು ಬೆವರು ಸುರಿಸಿದವರಿಗೆ ಪಾತ್ರಗಳ ಒಳಮನಸ್ಸನ್ನು ನೋಡಲು ಪುರುಸೊತ್ತು ಎಲ್ಲಿತ್ತು ಎಂಬುದು ಅವರ ಆಕ್ಷೇಪ. ದೃಶ್ಯವೈಭವವನ್ನೇ ತನ್ನ ಹಾದಿ ಮಾಡಿಕೊಂಡ ಪರಂಪರೆಯೊಂದು ಹಿಂದಿ ಚಿತ್ರರಂಗದಲ್ಲಿದೆ. ಅದನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಆಕ್ಷೇಪ ಕೆಲವು ಕಡೆ ನಾಟುತ್ತದೆ, ಕೆಲವು ಕಡೆ ಪೂರ್ತಿ ಗುರಿ ತಪ್ಪುತ್ತದೆ.

ಗುರಿ ತಪ್ಪುವ ಜಾಗ ನಮಗೆ ಹತ್ತಿರದ್ದೇ. ನಿರ್ದೇಶಕ ಗುರುದತ್ ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಕ್ಯಾಮೆರಾ ವಿದ್ಯೆ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1951ರ ‘ಬಾಜಿ’ಯಲ್ಲಿ ಮೂರ್ತಿ ಸಹಾಯಕರಾಗಿದ್ದರು. ಅಲ್ಲಿ ಕನ್ನಡಿಯನ್ನು ಬಳಸಿದ ಕಷ್ಟದ ಶಾಟ್ ಒಂದನ್ನು ಅವರು ಸಾಧಿಸಿಕೊಟ್ಟ ರೀತಿ ಗುರುದತ್‌ಗೆ ಹಿಡಿಸಿತು. ಮರುವರ್ಷ ‘ಜಾಲ್’ಗೆ ಮೂರ್ತಿಯವರೇ ಛಾಯಾಗ್ರಾಹಕ.

ಈ ಜೋಡಿಯ ಅತಿ ದೊಡ್ಡ ಸಾಹಸ 1959ರ ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಒಂದು ದೃಶ್ಯವಿದೆ. ಹೊರಗಿನ ಬಿಸಿಲನ್ನು ಮೂರ್ತಿ ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಕ್ಕೆ ತಿರುಗಿಸಿದ್ದಾರೆ. ದೂಳು ತುಂಬಿದ ಬೆಳಕಿನ ಕಂಬವೊಂದು ಮೇಲಿನಿಂದ ನೆಲಕ್ಕೆ ಇಳಿದಿದೆ. ನಿರ್ದೇಶಕ ಸುರೇಶ್, ನಟಿ ಶಾಂತಿ ಅದರ ಆಚೆ ಈಚೆ, ಅರ್ಧ ಕತ್ತಲಲ್ಲಿ ನಿಂತಿದ್ದಾರೆ. ಗೀತಾ ದತ್ ಅವರ ದನಿ ಕೇಳುತ್ತದೆ, ತೆರೆಯ ಮೇಲೆ ಯಾರೂ ತುಟಿ ಆಡಿಸುವುದಿಲ್ಲ. ಇಬ್ಬರ ನೆರಳಿನಂಥ ರೂಪಗಳು ಮಾತ್ರ ದೇಹ ಬಿಟ್ಟು ಹೊರಟು ಆ ಬೆಳಕಿನೊಳಗೆ ಸಂಧಿಸುತ್ತವೆ. ಇಲ್ಲಿ ತಂತ್ರವನ್ನು ತೆಗೆದುಹಾಕಿ ಭಾವವನ್ನಷ್ಟೇ ಉಳಿಸಿಕೊಳ್ಳಿ ಎಂದರೆ ಉಳಿಯುವುದೇನು? ಮದುವೆಯಾದ ಗಂಡಸು, ಅವನನ್ನು ಪ್ರೀತಿಸುವ ಹೆಣ್ಣು, ಇಬ್ಬರೂ ಸುಮ್ಮನೆ ನಿಂತಿದ್ದಾರೆ, ಅಷ್ಟೇ. ಹೇಳಲಾಗದ್ದನ್ನು ಹೇಳಿದ್ದು ಆ ಬೆಳಕು. ಚಿತ್ರ ಸೊರಗುವುದು ಬೇರೆ ಕಡೆ: ಹೆಂಡತಿಯ ತವರಿನ ಹಾಸ್ಯದ ದೃಶ್ಯಗಳಲ್ಲಿ, ನಾಯಕನ ಆತ್ಮಮರುಕ ಅಳತೆ ಮೀರುವಲ್ಲಿ. ಅವು ಬರವಣಿಗೆಯ ದೋಷಗಳು. ಕ್ಯಾಮೆರಾ ಮುಟ್ಟಿದ ಆಳವನ್ನು ಸಂಭಾಷಣೆ ಮುಟ್ಟಲಿಲ್ಲ.

1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಇನ್ನೂ ಪಕ್ವವಾದದ್ದು. ನಿರ್ದೇಶಕರಾಗಿ ಹೆಸರಿರುವುದು ಅಬ್ರಾರ್ ಅಲ್ವಿಯವರದ್ದು, ಕ್ಯಾಮೆರಾ ಮೂರ್ತಿಯವರದ್ದೇ. ಭೂತನಾಥ ಮೊದಲ ಸಲ ಜಮೀನ್ದಾರಿ ಮನೆತನದ ಕಿರಿಯ ಸೊಸೆ ಛೋಟಿ ಬಹುವಿನ ಕೋಣೆಗೆ ಬಂದಾಗ ನಾವು ನೋಡುವುದು ಅವನ ತಗ್ಗಿದ ಕಣ್ಣಿಗೆ ಕಂಡಷ್ಟನ್ನೇ: ನೆಲಹಾಸು, ಅವಳ ಪಾದ. ಮೊದಲು ದನಿ, ಆಮೇಲೆ ಮುಖ. ಮೀನಾ ಕುಮಾರಿಯ ಆ ಮುಖಕ್ಕಾಗಿ ನಮ್ಮನ್ನು ಕಾಯಿಸಿದ್ದರಿಂದಲೇ, ಮುಂದೆ ಅದು ಕುಡಿತದಲ್ಲಿ ಹಾಳಾಗುವುದು ಸಹಿಸಲಾಗದಷ್ಟು ನೋಯಿಸುತ್ತದೆ. ಅದೇ ಚಿತ್ರದ ಮುಜ್ರಾದಲ್ಲಿ ಮೀನೂ ಮುಮ್ತಾಜ್ ಒಬ್ಬರೇ ಬೆಳಕಿನಲ್ಲಿದ್ದಾರೆ, ಸಹನರ್ತಕಿಯರೆಲ್ಲ ನೆರಳಾಕೃತಿಗಳು. ಸಹನರ್ತಕಿಯರ ರೂಪ ಗುರುದತ್‌ಗೆ ಒಪ್ಪಿಗೆಯಾಗಲಿಲ್ಲ, ಅದಕ್ಕೆ ಮೂರ್ತಿ ಕಂಡುಕೊಂಡ ಉಪಾಯ ಇದು ಎನ್ನುತ್ತಾರೆ. ಕಾರಣ ಏನೇ ಇರಲಿ, ಆ ಜಮೀನ್ದಾರಿ ಮನೆತನದ ವಿಲಾಸದಲ್ಲಿ ಹೆಣ್ಣುಗಳಿಗೆ ಮುಖವೇ ಇರಲಿಲ್ಲ ಎಂಬುದನ್ನು ಆ ನೆರಳು ಯಾವ ಮಾತಿಗಿಂತ ಚೆನ್ನಾಗಿ ಹೇಳಿತು.

ಇನ್ನು ಆಕ್ಷೇಪ ನಾಟುವ ಜಾಗ. ನಿರ್ದೇಶಕ ಭನ್ಸಾಲಿ ಪ್ರತಿಭಾವಂತರು, ಅದರಲ್ಲಿ ನನಗೆ ಸಂಶಯವಿಲ್ಲ. ಕಿವುಡ ಮೂಗ ತಂದೆತಾಯಿಯ ಮಗಳ ಕಥೆ ಹೇಳಿದ ‘ಖಾಮೋಶಿ’ (1996) ಈಗಲೂ ಮನಸ್ಸನ್ನು ಹಿಡಿಯುತ್ತದೆ. ಆದರೆ 2002ರ ಅವರ ‘ದೇವದಾಸ್’ ಅನ್ನು 1955ರ ಬಿಮಲ್ ರಾಯ್ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಬಿಮಲ್ ರಾಯ್ ಅವರಲ್ಲಿ ಪಾರೋ, ಚಂದ್ರಮುಖಿ ಎದುರಾಗುವುದು ಒಂದು ದಾರಿಯಲ್ಲಿ. ಒಬ್ಬಳು ಪಲ್ಲಕ್ಕಿಯಲ್ಲಿ, ಒಬ್ಬಳು ಕಾಲ್ನಡಿಗೆಯಲ್ಲಿ. ಒಂದು ನೋಟ, ಮಾತಿಲ್ಲದೆ ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಾರೆ. ಒಬ್ಬನನ್ನೇ ಪ್ರೀತಿಸಿ ಕಳೆದುಕೊಂಡ ಇಬ್ಬರ ನಡುವೆ ಏನು ಹಾದುಹೋಯಿತೆಂದು ನಾವು ಊಹಿಸಿಕೊಳ್ಳಬೇಕು. ಭನ್ಸಾಲಿ ಇಬ್ಬರನ್ನೂ ದುರ್ಗಾಪೂಜೆಯಲ್ಲಿ ಜತೆಯಾಗಿ ಕುಣಿಸುತ್ತಾರೆ. ಐಶ್ವರ್ಯಾ ರೈ, ಮಾಧುರಿ ದೀಕ್ಷಿತ್ ಅವರ ಆ ಕುಣಿತ ಸೊಗಸಾಗಿದೆ. ಸೀರೆ, ಗೆಜ್ಜೆ, ತಾಳ ಯಾವುದರಲ್ಲೂ ಕೊರತೆಯಿಲ್ಲ. ಆದರೆ ಆ ಹೆಂಗಸರ ಸಂಕಟ ಅಡಗಿ ಕೂರಲು ಅಲ್ಲಿ ಮೂಲೆಯೊಂದೂ ಉಳಿದಿಲ್ಲ.

ಸಾಲದ್ದಕ್ಕೆ ಬಣ್ಣದ ಗಾಜಿನ ಪಾರೋ ಮನೆ, ಕೊಳದ ಸುತ್ತ ಕಟ್ಟಿದ ಚಂದ್ರಮುಖಿಯ ಕೋಠಾ. ಇವು ಯಾರಾದರೂ ವಾಸವಿದ್ದ ಮನೆಗಳು ಅನ್ನಿಸುವುದೇ ಇಲ್ಲ. ಪಾರೋ ಶ್ರೀಮಂತ ಮುದುಕನ ಹವೇಲಿ ಸೇರಿದಾಗ ಅವಳ ಬದುಕು ತಲೆಕೆಳಗಾಗಬೇಕಿತ್ತು. ತವರೂ ಅರಮನೆಯೇ ಆದಮೇಲೆ ಆ ಏಟು ಕಣ್ಣಿಗೆ ಕಾಣುವುದಾದರೂ ಹೇಗೆ? 2007ರ ‘ಸಾವರಿಯಾ’ದಲ್ಲಿ ಊರಿಗೆ ಊರೇ ನೀಲಿ. ದೊಸ್ತೊಯೆವ್‌ಸ್ಕಿಯ ಕಥೆಯ ಒಂಟಿ ಮನುಷ್ಯ ಒಂಟಿಯಾಗಿದ್ದದ್ದು ಸಾಮಾನ್ಯ ನಗರದ ಸಾಮಾನ್ಯ ಬೀದಿಗಳಲ್ಲಿ. ಕನಸಿನಂಥ ಊರಿನಲ್ಲಿ ಕನಸುಗಾರನೊಬ್ಬನ ಒಂಟಿತನ ಎದ್ದು ಕಾಣುವುದಿಲ್ಲ.

ಹಾಗೆಂದು ಭನ್ಸಾಲಿ ಶೈಲಿ ಬಿಟ್ಟು ಸರಳವಾಗಲಿ ಎಂದು ನಾನು ಕೇಳುವುದಿಲ್ಲ. ‘ಬ್ಲ್ಯಾಕ್’ನಲ್ಲಿ (2005) ಕಣ್ಣು ಕಿವಿ ಎರಡೂ ಇಲ್ಲದ ಹುಡುಗಿಗೆ ಕಾರಂಜಿಯಲ್ಲಿ ನೀರು ಎಂದರೇನೆಂದು ಹೊಳೆಯುವ ಗಳಿಗೆ ಶೈಲಿಯಲ್ಲಿ ಅತಿಯಾದದ್ದೇ, ಆದರೂ ನಿಜವಾದದ್ದು. ಅಲ್ಲಿ ವೈಭವವೆಲ್ಲ ಒಂದೇ ಅನುಭವದ ಬೆನ್ನಿಗೆ ನಿಂತಿದೆ. ಗುರುದತ್, ಮೂರ್ತಿ ಇಬ್ಬರೂ ಪ್ರತಿ ಶಾಟ್‌ನಲ್ಲಿ ಯಾವುದನ್ನು ತೋರಿಸಬಾರದೆಂದು ತೀರ್ಮಾನಿಸುತ್ತಿದ್ದರು. ಭನ್ಸಾಲಿಗೆ ಏನನ್ನೂ ಬಿಡಲು ಮನಸ್ಸು ಬರುವುದಿಲ್ಲ. ಭಾವ ಸೋರಿಹೋಗುವುದು ಈ ಬಿಡಲಾರದ ಆಸೆಯಿಂದ. ಅದನ್ನು ಚೆಲುವಿನ ತಪ್ಪೆಂದು ಬಗೆದು ಸಪ್ಪೆ ಚಿತ್ರಗಳನ್ನೆಲ್ಲ ಆಳವಾದವು ಎಂದು ಹೊಗಳುವುದು ವಿಮರ್ಶೆಯ ಸೋಮಾರಿತನ.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ನಮ್ಮ ಚಿತ್ರಸಮಾಜಗಳು, ಸಿನಿಮಾ ಕಲಿಸುವ ಕಾಲೇಜುಗಳು ಅವರ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ, ಪೂರ್ತಿಯಾಗಿ ತೋರಿಸಲಿ. ಸಿನಿಮಾಸ್ಕೋಪ್‌ನ ಆ ಅಗಲ, ಆ ಕತ್ತಲು ಮೊಬೈಲಿನಲ್ಲಿ ಸಿಕ್ಕುವಂಥದ್ದಲ್ಲ.