ಡೋಣಿಯ ಕಪ್ಪು ಕಲ್ಲು

ಗದಗ ಜಿಲ್ಲೆಯ ಕಪ್ಪತಗುಡ್ಡದ ಮಗ್ಗುಲಿನ ಡೋಣಿ ಮ್ಯಾಂಗನೀಸ್‌ಗೆ ಹೆಸರಾದ ಊರು. ಆ ಕಡೆಯ ಕಪ್ಪು ಕಲ್ಲನ್ನು ಅಂಗೈಯಲ್ಲಿಟ್ಟು ‘ಇದು ಯುರೇನಿಯಂ ಇರಬಹುದೇ?’ ಎಂದು ಯಾರಾದರೂ ಕೇಳಿದರೆ ನಗಬೇಡಿ. ಮ್ಯಾಂಗನೀಸಿನ ಸೈಲೋಮಿಲೇನ್ ಮತ್ತು ಯುರೇನಿಯಂನ ಪಿಚ್‌ಬ್ಲೆಂಡ್ ಎರಡೂ ಕಪ್ಪು. ಎರಡರ ಮೈಯೂ ದ್ರಾಕ್ಷಿ ಗೊಂಚಲಿನಂತೆ ಉಬ್ಬುಬ್ಬು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಗೀರಿದರೆ ಎರಡೂ ಕಂದುಗಪ್ಪು ಗೆರೆಯನ್ನೇ ಬಿಡುತ್ತವೆ. ಗಡಸುತನವೂ ಹೆಚ್ಚುಕಡಿಮೆ ಒಂದೇ.

ಕಣ್ಣು ಸೋತಲ್ಲಿ ತಕ್ಕಡಿ ಗೆಲ್ಲುತ್ತದೆ. ಕಲ್ಲನ್ನು ಮೊದಲು ಹಾಗೇ ತೂಗಿ, ಆಮೇಲೆ ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟು ತೂಗಿ. 460 ಗ್ರಾಂ ಇದ್ದದ್ದು ನೀರಲ್ಲಿ 360ಕ್ಕೆ ಇಳಿದರೆ ಸಾಂದ್ರತೆ 4.6: ಅದು ಮ್ಯಾಂಗನೀಸ್. ಪಿಚ್‌ಬ್ಲೆಂಡ್ ಸಾಮಾನ್ಯವಾಗಿ 6.5ರ ಮೇಲೆಯೇ. ಕೊನೆಯ ಮಾತು ವಿಕಿರಣ ಅಳೆಯುವ ಗೈಗರ್ ಕೌಂಟರ್‌ನದು. ಆದರೆ ಅದು ಒಂದಿಷ್ಟು ಟಿಕ್‌ಟಿಕ್ ಎಂದೊಡನೆ ಕುಣಿದಾಡಬೇಡಿ, ನಮ್ಮ ಗ್ರಾನೈಟ್ ಕಲ್ಲಿಗೂ ಅದು ಅಷ್ಟು ಸದ್ದು ಮಾಡುತ್ತದೆ.

ನಮ್ಮ ನಾಡಿನಲ್ಲಿ ಯುರೇನಿಯಂಗೆ ಹೆಸರಾದ ಊರು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ. ಅಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಇನ್ನೊಂದು ಯುರೇನಿಯಂ ಖನಿಜ ಇವೆ. ಕಾಫಿನೈಟ್ ಎಷ್ಟು ನುಣ್ಣನೆಯ ಕಣವೆಂದರೆ ಸೂಕ್ಷ್ಮದರ್ಶಕವಿಲ್ಲದೆ ಗುರುತು ಹತ್ತುವುದಿಲ್ಲ. ಸಂಗ್ರಹಕಾರನ ಕಪಾಟಿಗೆ ಅದರಿಂದ ಶೋಭೆಯೇನೂ ಬಾರದು.

ಇನ್ನು ಬೆಲೆ. 2021ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಮುಂಬೈಯಲ್ಲಿ 7 ಕಿಲೋ ಚಿಲ್ಲರೆ ಯುರೇನಿಯಂ ಹಿಡಿದಾಗ ಪತ್ರಿಕೆಗಳಲ್ಲಿ ಬಂದ ಬೆಲೆ 21 ಕೋಟಿ ರೂಪಾಯಿ! ಆಗ ಜಾಗತಿಕ ಮಾರುಕಟ್ಟೆಯಲ್ಲಿ ಯುರೇನಿಯಂ ಆಕ್ಸೈಡ್ ಪೌಂಡಿಗೆ 30 ಡಾಲರ್ ಆಸುಪಾಸು. ಆ ಲೆಕ್ಕದಲ್ಲಿ ಅಷ್ಟು ತೂಕಕ್ಕೆ 35 ಸಾವಿರ ರೂಪಾಯಿ ಬಂದರೆ ಹೆಚ್ಚು. ‘ಕೋಟಿ ಬಾಳುವ ಕಲ್ಲು’ ಎಂದು ಪಿಸುಗುಡುವ ದಲ್ಲಾಳಿಗಳು ಬದುಕುವುದು ಈ ಎರಡು ಅಂಕಿಗಳ ನಡುವಿನ ಕಂದರದಲ್ಲೇ. ಹೊರದೇಶಗಳ ಸಂಗ್ರಹಕಾರರು ಕಾಸು ಕೊಡುವುದು ಹರಳಿನ ಅಂದಕ್ಕೆ ಮತ್ತು ಅದು ಹುಟ್ಟಿದ ಗಣಿಯ ಹೆಸರಿಗೆ, ಒಳಗಿನ ಲೋಹಕ್ಕಲ್ಲ.

ನಮ್ಮಲ್ಲಿ ಆ ವ್ಯಾಪಾರಕ್ಕೂ ದಾರಿಯಿಲ್ಲ. ಕಾನೂನು ಯುರೇನಿಯಂ ವಹಿವಾಟನ್ನು ಸರ್ಕಾರದ ಹಿಡಿತದಲ್ಲಿಟ್ಟಿದೆ. ಕಪ್ಪತಗುಡ್ಡವೋ, 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಕಲ್ಲು ಹೊತ್ತು ತರುವ ಗೋಜಿಗೇ ಹೋಗಬೇಡಿ. ನಿಮ್ಮ ಹೊಲದ ಕಲ್ಲು ತಕ್ಕಡಿಯಲ್ಲಿ 6.5 ದಾಟಿದರೆ ಒಡೆಯಬೇಡಿ, ಪುಡಿ ಮಾಡಬೇಡಿ, ಮಲಗುವ ಕೋಣೆಯಲ್ಲಂತೂ ಇಡಬೇಡಿ. ಪರಮಾಣು ಖನಿಜ ನಿರ್ದೇಶನಾಲಯದ ಬೆಂಗಳೂರು ಕಚೇರಿಗೆ ಒಂದು ಕಾಗದ ಬರೆಯಿರಿ.