ಸೇವೆಗೆ ಶರತ್ತು ಬೇಕೇ?

ಮೂಲಭೂತವಾದ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹೆಚ್ಚಿನವರ ಕಣ್ಣೆದುರು ಬಂದು ನಿಲ್ಲುವುದು ಗಡ್ಡ, ಟೋಪಿಯ ಒಂದು ಚಿತ್ರ. ಭಟ್ಕಳದ ಹೆಸರಂತೂ ಈ ಶಬ್ದದ ಜೊತೆ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಆದರೆ ಈ ಶಬ್ದ ಹುಟ್ಟಿದ್ದು ಅರಬ್ ನಾಡಿನಲ್ಲಲ್ಲ, ಅಮೆರಿಕದಲ್ಲಿ. ಮುಸ್ಲಿಮರ ನಡುವೆಯಲ್ಲ, ಪ್ರೊಟೆಸ್ಟೆಂಟ್ ಕ್ರೈಸ್ತರ ನಡುವೆ. 1910ರಿಂದ 1915ರ ತನಕ ಕ್ಯಾಲಿಫೋರ್ನಿಯದ ತೈಲೋದ್ಯಮಿ ಲೈಮನ್ ಸ್ಟುವರ್ಟ್ ತನ್ನ ಸಹೋದರನೊಂದಿಗೆ ಹಣ ಹಾಕಿ ‘ದಿ ಫಂಡಮೆಂಟಲ್ಸ್’ ಎಂಬ ಹನ್ನೆರಡು ಸಂಪುಟಗಳನ್ನು ಪ್ರಕಟಿಸಿ, ಪಾದ್ರಿಗಳಿಗೂ ಪ್ರಚಾರಕರಿಗೂ ಉಚಿತವಾಗಿ ಹಂಚಿಸಿದ. 1920ರಲ್ಲಿ ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ ಸಂಪಾದಕ ತಮ್ಮ ಪಂಗಡದವರನ್ನು ‘ಫಂಡಮೆಂಟಲಿಸ್ಟ್’ ಎಂದು ಕರೆದ. ಆತನಿಗೆ ಅದು ಬೈಗುಳವಾಗಿರಲಿಲ್ಲ, ಬಿರುದಾಗಿತ್ತು.

‘ನಮಗಿಂತ ಮೊದಲು ಅವರು’ ಎಂದು ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಈ ಪಂಥ ಬಡವನ ವಿಷಯದಲ್ಲಿ ಏನು ಹೇಳಿತು ಎಂಬುದು ಮುಖ್ಯ. ಅದೇ ಕಾಲದಲ್ಲಿ ವಾಲ್ಟರ್ ರೌಶನ್‌ಬುಶ್‌ರಂಥ ಪಾದ್ರಿಗಳು ನ್ಯೂಯಾರ್ಕಿನ ಕೊಳೆಗೇರಿಗಳನ್ನು ಕಂಡು, ಕಾರ್ಮಿಕನ ಕೂಲಿ, ಮಕ್ಕಳ ಹಸಿವು ಕೂಡ ಧರ್ಮದ ಪ್ರಶ್ನೆಗಳೇ ಎಂದಿದ್ದರು. ಮೂಲಭೂತವಾದಿಗಳಿಗೆ ಇದು ಹಿಡಿಸಲಿಲ್ಲ. ಆತ್ಮದ ರಕ್ಷಣೆ ಮೊದಲು, ಹೊಟ್ಟೆಯ ಮಾತು ಆಮೇಲೆ ಎಂಬುದು ಅವರ ನಿಲುವು. ಅವರೆಲ್ಲ ಕಲ್ಲೆದೆಯವರಾಗಿದ್ದರು ಎಂದಲ್ಲ. ಅನ್ನ, ಮದ್ದು ಕೊಟ್ಟವರೂ ಅವರಲ್ಲಿದ್ದರು. ಆದರೆ ಅನ್ನ ಅಲ್ಲಿ ಗುರಿಯಾಗಿರಲಿಲ್ಲ, ದಾರಿಯಾಗಿತ್ತು. ಮೂಲಭೂತವಾದದ ನಿಜವಾದ ದೋಷ ಇರುವುದು ಇಲ್ಲಿ. ಅದು ಮನುಷ್ಯನ ಕಷ್ಟವನ್ನು ಕಷ್ಟವಾಗಿ ನೋಡದೆ ಅವಕಾಶವಾಗಿ ನೋಡುತ್ತದೆ.

ನಮ್ಮ ಕರಾವಳಿಯ ಇಗರ್ಜಿಯ ಕಥೆ ಬೇರೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತದಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದೇನಲ್ಲ. ಆದರೆ ಹೊನ್ನಾವರದ ಸಂತ ಇಗ್ನೇಷಿಯಸ್ ಆಸ್ಪತ್ರೆಗೆ ಹೋಗುವವರು ಬರೇ ಕ್ರೈಸ್ತರಲ್ಲ. ಹಾಲಕ್ಕಿ ಅಜ್ಜಿ, ನಾಮಧಾರಿ ಕೃಷಿಕ, ಬುರ್ಖಾ ತೊಟ್ಟ ನವಾಯತ ತಾಯಿ ಎಲ್ಲರಿಗೂ ಒಂದೇ ಬೆಂಚು. ಕುಮಟಾ-ಸಿದ್ದಾಪುರ ರಸ್ತೆಯ ಚಂದಾವರದಲ್ಲಿ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲೂ ಎಲ್ಲ ಜಾತಿ, ಧರ್ಮದವರಿದ್ದಾರೆ. ತೆಂಕಣದ ಮಂಗಳೂರಿನಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದ್ದು, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದು ಎಲ್ಲರಿಗೂ ತಿಳಿದ ಸಂಗತಿ. ಮನೆಯವರೇ ಮುಟ್ಟಲು ಹಿಂಜರಿಯುತ್ತಿದ್ದ ರೋಗಿಯನ್ನು ಮುಟ್ಟುವುದಕ್ಕಿಂತ ದೊಡ್ಡ ಉಪದೇಶ ಯಾವುದಿದೆ?

ಈ ಸೇವೆಯನ್ನೇ ಅಪರಾಧವಾಗಿ ನೋಡುವ ಕಣ್ಣೂ ನಮ್ಮಲ್ಲಿ ಬೆಳೆದಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ‘ನ್ಯೂ ಲೈಫ್’ ಪಂಗಡದವರ ಮತಾಂತರವನ್ನು ನೆಪವಾಗಿ ಮುಂದಿಡಲಾಯಿತು. ಆದರೆ ಅದೇ ದಿನ, ಲೋಕದ ಗೊಡವೆಯಿಲ್ಲದೆ ಪ್ರಾರ್ಥನೆಯಲ್ಲಿರುವ ಸನ್ಯಾಸಿನಿಯರ ಕ್ಯಾಥೊಲಿಕ್ ಮಠಕ್ಕೂ ಕಲ್ಲು ಬಿತ್ತು. 2022ರ ಮತಾಂತರ ನಿಷೇಧ ಕಾಯ್ದೆಯಂತೂ ‘ಆಮಿಷ’ದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಒಳ್ಳೆಯ ಶಾಲೆಯಲ್ಲಿ ಸಿಗುವ ಉಚಿತ ಶಿಕ್ಷಣವನ್ನೂ ಸೇರಿಸಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತೆಂಬುದು ನಿಜ. ಆದರೆ ಬಡ ಮಗುವಿಗೆ ಅಕ್ಷರ ಕಲಿಸುವವನನ್ನು ಸಂಶಯದಿಂದ ನೋಡುವ ಮನಸ್ಸನ್ನು ಹಿಂತೆಗೆಯುವ ಕಾಯ್ದೆ ಎಲ್ಲಿದೆ?

ಹಾಗೆಂದು ಇಗರ್ಜಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಲ್ಲವೇ? ಇವೆ. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆ, ನಂಬಿದವನಿಗೆ ಸಂಪತ್ತು ಬರುತ್ತದೆ ಎಂದು ಸಾರುವ ಪಂಗಡಗಳು ಬಡವನ ಸಂಕಟದ ಮೇಲೆಯೇ ಬೆಳೆಯುತ್ತವೆ. ‘ಅವರು ನಾವಲ್ಲ’ ಎಂದು ಹಳೆಯ ಸಭೆಗಳು ಕೈ ತೊಳೆದುಕೊಂಡರೆ ಸಾಲದು. ಇನ್ನೊಂದೆಡೆ, ಬಡವರಿಗಾಗಿ ತೆರೆದ ಎಷ್ಟೋ ಮಿಶನರಿ ಶಾಲೆಗಳ ಬಾಗಿಲಲ್ಲಿ ಇಂದು ಶುಲ್ಕದ ಪಟ್ಟಿ ತೂಗುತ್ತಿದೆ. ಮತದ ಶರತ್ತು ಹೋಗಿ ಹಣದ ಶರತ್ತು ಬಂದರೆ ಬಡವನಿಗೆ ಏನು ವ್ಯತ್ಯಾಸವಾಯಿತು?

ಕಷ್ಟವಂತೂ ಕಡಿಮೆಯಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ, ರೋಗಿಯೂ ಸೇರಿ ನಾಲ್ವರು ತೀರಿಕೊಂಡರು. ಆಗ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಗಿ ಎದ್ದಿತು. ಹೃದಯ ಹಿಡಿದುಕೊಂಡು ಮಣಿಪಾಲಕ್ಕೋ ಮಂಗಳೂರಿಗೋ ಧಾವಿಸುವವರಲ್ಲಿ ಹಿಂದೂ ಯಾರು, ಮುಸ್ಲಿಮ್ ಯಾರು, ಕ್ರೈಸ್ತ ಯಾರು? ಆಸ್ಪತ್ರೆ ಕಟ್ಟುವುದು ಸರಕಾರದ ಹೊಣೆ, ಸರಿ. ಆದರೆ ಅದನ್ನು ಕೇಳುವ ದನಿಗೆ ದನಿಗೂಡಿಸುವುದು ಇಗರ್ಜಿಯ ಕೆಲಸವೂ ಹೌದು. ಬಹುಕಾಲ ಬೆಂಗಳೂರಿನಲ್ಲಿ ದುಡಿದು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ಪರ ನಿಂತ ಜೆಸುಯಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ನ್ಯಾಯಾಂಗ ಬಂಧನದಲ್ಲಿರುವಾಗಲೇ ತೀರಿಕೊಂಡರು. ಅವರು ಯಾರ ಮತವನ್ನೂ ಕೇಳಲಿಲ್ಲ, ಜಮೀನು ಕಳೆದುಕೊಂಡವನ ಹಕ್ಕನ್ನು ಕೇಳಿದರು. ದಾನ ಸುಲಭ, ನ್ಯಾಯ ಕೇಳುವುದು ದುಬಾರಿ.

ಇಷ್ಟು ಹೇಳಿದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸದಿದ್ದರೆ ಅದು ಅಪ್ರಾಮಾಣಿಕತೆಯಾದೀತು. ಭಟ್ಕಳದಲ್ಲಿ 1912ರಿಂದ ತಂಝೀಮ್ ಇದೆ, 1919ರಿಂದ ಅಂಜುಮನ್ ಇದೆ. ಗಲ್ಫ್‌ನಲ್ಲಿ ಬೆವರು ಸುರಿಸಿದವರ ಝಕಾತ್ ರಮಝಾನಿನಲ್ಲಿ ಹರಿದು ಬರುತ್ತದೆ. ಝಕಾತನ್ನು ಮುಸ್ಲಿಮೇತರರಿಗೆ ಕೊಡಬಹುದೇ ಎಂಬುದರಲ್ಲಿ ವಿದ್ವಾಂಸರ ಚರ್ಚೆ ಇರಬಹುದು. ಸದಕಾಕ್ಕೆ ಅಂಥ ಗೋಡೆಯಿಲ್ಲ. ಆದರೂ ನಮ್ಮ ಎಷ್ಟೋ ಜಮಾಅತ್‌ಗಳ ಪಟ್ಟಿ ಮೊಹಲ್ಲಾದ ಗಡಿ ದಾಟುವುದಿಲ್ಲ. ಅನಾಥನನ್ನು ದಬ್ಬುವವನ, ನೆರೆಯವನಿಗೆ ಸಣ್ಣ ಸಾಮಾನನ್ನೂ ಕೊಡದವನ ನಮಾಝ್ ವ್ಯರ್ಥ ಎಂದು ಎಚ್ಚರಿಸುವ ಮಾಊನ್ ಅಧ್ಯಾಯವನ್ನು ನಾವು ಬಾಯಿಪಾಠ ಮಾಡಿದ್ದೇವೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪುರೋಹಿತ ದಾಟಿ ಹೋದ, ಪರಜಾತಿಯ ಸಮಾರ್ಯದವನು ಎತ್ತಿಕೊಂಡ ಎಂಬ ಯೇಸುವಿನ ಸಾಮತಿಯೂ ಇದನ್ನೇ ಹೇಳುತ್ತದೆ.

ಆ ಕಥೆಯಲ್ಲಿ ಬಿದ್ದವನ ಧರ್ಮ ಯಾವುದೆಂದು ಎತ್ತಿದವನು ಕೇಳುವುದಿಲ್ಲ, ಎದ್ದ ಮೇಲೆ ತನ್ನ ಧರ್ಮಕ್ಕೆ ಬಾ ಎಂದೂ ಕರೆಯುವುದಿಲ್ಲ. ಛತ್ರದವನಿಗೆ ಖರ್ಚು ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಭಟ್ಕಳದಿಂದ ಕುಮಟಾದ ತನಕದ ಹೆದ್ದಾರಿಯಲ್ಲಿ ಮಸೀದಿ, ಮಂದಿರ, ಇಗರ್ಜಿಗಳಿಗೆ ಕೊರತೆಯಿಲ್ಲ. ಅದೇ ಹೆದ್ದಾರಿಯಲ್ಲಿ ರಾತ್ರಿ ರೋಗಿಯನ್ನು ಹೊತ್ತು ಓಡುವ ಆಂಬುಲೆನ್ಸಿನ ಸದ್ದು ಈ ಮೂರರ ಒಳಗೂ ಒಂದೇ ರೀತಿ ಕೇಳಿಸುತ್ತಿದೆಯೇ?