ಯು-ಬೂಟ್‌ನಲ್ಲಿ ಭಾಗಾಕಾರದ ಹೊಣೆ ಯಾರದು?

ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿರುವುದು ಆರ್ಮ್ ಕಾರ್ಟೆಕ್ಸ್-ಎ8 ಪ್ರೊಸೆಸರ್. ಕೂಡಲು, ಕಳೆಯಲು, ಗುಣಿಸಲು ಅದಕ್ಕೆ ಇನ್‌ಸ್ಟ್ರಕ್ಷನ್‌ಗಳಿವೆ. ಪೂರ್ಣಾಂಕಗಳನ್ನು ಭಾಗಿಸಲು ಒಂದೂ ಇಲ್ಲ. ಆದರೂ ಆ ಬೋರ್ಡಿನ ಬೂಟ್‌ಲೋಡರ್ ಆದ ಯು-ಬೂಟ್‌ನಲ್ಲಿ ಸಿ ಭಾಷೆಯ ಭಾಗಾಕಾರ ಚಿಹ್ನೆ ಬಳಸಿದರೆ ಕಂಪೈಲರ್ ತಕರಾರು ತೆಗೆಯುವುದಿಲ್ಲ. ಆ ಜಾಗದಲ್ಲಿ ‘ಎಇಎಬಿಐ-ಯುಐಡಿವ್’ ಎಂಬ ಫಂಕ್ಷನ್‌ಗೆ ಒಂದು ಕರೆಯನ್ನು ಸೇರಿಸಿ ಮುಂದೆ ಹೋಗುತ್ತದೆ. ಆ ಫಂಕ್ಷನ್ ಎಲ್ಲಿಂದ ಬರಬೇಕು, ಯಾವ ಪ್ರೊಸೆಸರಿಗೆಂದು ಕಂಪೈಲ್ ಆಗಿರಬೇಕು, ಸೊನ್ನೆಯಿಂದ ಭಾಗಿಸಿದಾಗ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಬೂಟ್‌ಲೋಡರ್ ಬರೆಯುವ ಬಹುತೇಕರು ಕೇಳಿಕೊಳ್ಳುವುದೇ ಇಲ್ಲ. ಈ ಪ್ರಶ್ನೆಗಳಿಗೆ ಯು-ಬೂಟ್ ಕೊಟ್ಟಿರುವ ಉತ್ತರ ಎಷ್ಟು ಸರಿ ಎಂಬುದನ್ನು ಇಲ್ಲಿ ತೂಗಿ ನೋಡಬೇಕಾಗಿದೆ.

ಜಿಸಿಸಿ ಕಂಪೈಲರಿನ ಜೊತೆಯಲ್ಲೇ ‘ಲಿಬ್‌ಜಿಸಿಸಿ’ ಎಂಬ ಲೈಬ್ರರಿಯೊಂದು ಬರುತ್ತದೆ. ಪ್ರೊಸೆಸರಿಗೆ ನೇರವಾಗಿ ಬಾರದ ಕೆಲಸಗಳನ್ನು ಮಾಡಿಕೊಡುವ ಫಂಕ್ಷನ್‌ಗಳು ಅದರಲ್ಲಿವೆ: ಭಾಗಾಕಾರ, 32 ಬಿಟ್ ಯಂತ್ರದಲ್ಲಿ 64 ಬಿಟ್ ಲೆಕ್ಕ, ಫ್ಲೋಟಿಂಗ್ ಪಾಯಿಂಟ್ ಘಟಕವಿಲ್ಲದ ಕಡೆ ದಶಮಾಂಶದ ಲೆಕ್ಕ. ಎಲ್ಎಲ್‌ವಿಎಂ ಬಳಗದಲ್ಲಿ ಇದೇ ಕೆಲಸವನ್ನು ‘ಕಂಪೈಲರ್-ಆರ್‌ಟಿ’ ಮಾಡುತ್ತದೆ. ಲಿನಕ್ಸ್ ಮೇಲೆ ಓಡುವ ಸಾಮಾನ್ಯ ಪ್ರೋಗ್ರಾಂ ಬರೆಯುವವರು ಇದರ ಹೆಸರನ್ನೂ ಕೇಳಬೇಕಾಗಿಲ್ಲ. ಅವರ ಕೆಳಗೆ ಆಪರೇಟಿಂಗ್ ಸಿಸ್ಟಮ್ ಇದೆ, ಎಡವಿದರೆ ಹಿಡಿಯುತ್ತದೆ. ಬೂಟ್‌ಲೋಡರಿನ ಕೆಳಗೆ ಯಾರೂ ಇಲ್ಲ. ಬೀಗಲ್‌ಬೋನ್‌ನ ಎಎಂ335ಎಕ್ಸ್ ಚಿಪ್ಪಿನಲ್ಲಿ ಯು-ಬೂಟ್‌ನ ಮೊದಲ ಹಂತವಾದ ಎಸ್‌ಪಿಎಲ್ ಡಿಡಿಆರ್ ಮೆಮೊರಿ ಎಚ್ಚರಗೊಳ್ಳುವ ಮೊದಲೇ ಓಡಬೇಕು. ಚಿಪ್ಪಿನೊಳಗಿನ ಜಾಗದಲ್ಲಿ ಅದಕ್ಕೆ ಸಿಗುವುದು 109 ಕೆಬಿ ಮಾತ್ರ. ಅಲ್ಲಿ ಸೇರುವ ಪ್ರತಿಯೊಂದು ಬೈಟಿಗೂ ಲೆಕ್ಕ ಕೊಡಬೇಕು, ಪ್ರತಿಯೊಂದು ಇನ್‌ಸ್ಟ್ರಕ್ಷನ್ನಿಗೂ ಜವಾಬ್ದಾರಿ ಹೊರಬೇಕು.

ಈ ಕೊರತೆಯನ್ನು ತುಂಬಲು ಮೂರು ದಾರಿಗಳು ರೂಢಿಯಲ್ಲಿವೆ. ಟೂಲ್‌ಚೈನ್ ಕೊಟ್ಟ ಲಿಬ್‌ಜಿಸಿಸಿಯನ್ನೇ ಲಿಂಕ್ ಮಾಡುವುದು ಒಂದು. ಬೇಕಾದ ಫಂಕ್ಷನ್‌ಗಳ ಸ್ವಂತ ಪ್ರತಿಯನ್ನು ಸೋರ್ಸ್ ಒಳಗೇ ಇಟ್ಟುಕೊಳ್ಳುವುದು ಎರಡನೆಯದು. ಇಂಥ ಕರೆಗಳೇ ಹುಟ್ಟದಂತೆ ಕೋಡ್ ಬರೆಯುವುದು ಮೂರನೆಯದು. ಯು-ಬೂಟ್ ಮೊದಲ ಎರಡನ್ನೂ ಇಟ್ಟುಕೊಂಡಿದೆ. ಎರಡನೆಯದನ್ನು, ಅಂದರೆ ಖಾಸಗಿ ಪ್ರತಿಯನ್ನು, ಆರಿಸಿಕೊಳ್ಳಲು ಆರ್ಮ್, ಮಿಪ್ಸ್ ಮುಂತಾದವುಗಳಿಗೆ ‘ಯೂಸ್ ಪ್ರೈವೇಟ್ ಲಿಬ್‌ಜಿಸಿಸಿ’ ಎಂಬ ಆಯ್ಕೆ ಕೊಟ್ಟಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಆಯ್ಕೆ ಸರಿಯಾದದ್ದು, ಆದರೆ ಇದನ್ನು ಲಿಂಕರ್ ದೋಷದ ತುರ್ತು ಮದ್ದಾಗಿ ನೋಡುವ ನಮ್ಮ ಅಭ್ಯಾಸ ತಪ್ಪು. ಬೂಟ್‌ಲೋಡರ್ ತನ್ನ ರನ್‌ಟೈಮ್‌ನ ಯಜಮಾನ ತಾನೇ ಆಗಿರಬೇಕು ಎಂಬ ತತ್ವ ಈ ಆಯ್ಕೆಯ ಹಿಂದಿದೆ.

ಹಾರ್ಡ್-ಫ್ಲೋಟ್ ಟೂಲ್‌ಚೈನ್‌ಗಳು ಬಳಕೆಗೆ ಬಂದಾಗ ಯು-ಬೂಟ್ ಕಟ್ಟುವವರು ಒಂದು ದೋಷವನ್ನು ಪದೇ ಪದೇ ಕಂಡರು. ಲಿಬ್‌ಜಿಸಿಸಿಯೊಳಗಿನ ಒಂದು ಆಬ್ಜೆಕ್ಟ್ ಫೈಲ್ ಫ್ಲೋಟಿಂಗ್ ಪಾಯಿಂಟ್ ಘಟಕದ ವಿಎಫ್‌ಪಿ ರಿಜಿಸ್ಟರ್‌ಗಳ ಮೂಲಕ ಆರ್ಗ್ಯುಮೆಂಟ್ ಕಳಿಸುತ್ತದೆ, ಯು-ಬೂಟ್ ಹಾಗೆ ಮಾಡುವುದಿಲ್ಲ, ಆದ್ದರಿಂದ ಎರಡನ್ನೂ ಒಂದುಗೂಡಿಸಲಾಗದು ಎಂದು ಲಿಂಕರ್ ಪಟ್ಟು ಹಿಡಿಯುತ್ತಿತ್ತು. ಯು-ಬೂಟ್ ಸಾಫ್ಟ್-ಫ್ಲೋಟ್ ಸ್ವಿಚ್ಚಿನಲ್ಲಿ ಕಂಪೈಲ್ ಆಗುತ್ತದೆ. ಟೂಲ್‌ಚೈನಿನ ಲಿಬ್‌ಜಿಸಿಸಿ ಹಾರ್ಡ್-ಫ್ಲೋಟ್ ಸ್ವಿಚ್ಚಿನಲ್ಲಿ ಮೊದಲೇ ಕಂಪೈಲ್ ಆಗಿ ಕೂತಿರುತ್ತದೆ. ನಮ್ಮ ಮೇಕ್‌ಫೈಲ್‌ನಲ್ಲಿ ಏನೇ ಬದಲಿಸಿದರೂ ಆ ಸಿದ್ಧ ಬೈನರಿ ಬದಲಾಗದು. ಖಾಸಗಿ ಪ್ರತಿಯ ಆಯ್ಕೆಯನ್ನು ಆನ್ ಮಾಡಿದೊಡನೆ ದೋಷ ಮಾಯವಾಗುತ್ತಿತ್ತು. ಬಹಳ ಜನ ಅಲ್ಲಿಗೇ ನಿಂತರು.

ಆದರೆ ಲಿಂಕರ್ ಕೂಗಿ ಹೇಳುವ ದೋಷ ನಿರುಪದ್ರವಿ. ಬಾಯಿ ಬಿಡದ ದೋಷ ಅಪಾಯಕಾರಿ. ಮೊದಲ ರಾಸ್‌ಬೆರಿ ಪೈ ಬಂದದ್ದು 2012ರಲ್ಲಿ, ಆರ್ಮ್‌ವಿ6 ಪೀಳಿಗೆಯ ಪ್ರೊಸೆಸರಿನೊಂದಿಗೆ. ಡೆಬಿಯನ್‌ನ ‘ಆರ್ಮ್‌ಎಚ್‌ಎಫ್’ ಆವೃತ್ತಿ ಕನಿಷ್ಠ ಆರ್ಮ್‌ವಿ7 ಬೇಕೆನ್ನುತ್ತದೆ. ಆ ಕಾರಣಕ್ಕೇ ಇಡೀ ಡೆಬಿಯನ್ ಅನ್ನು ಆರ್ಮ್‌ವಿ6ಗೆ ಮರುಕಂಪೈಲ್ ಮಾಡಿ ರಾಸ್ಪಿಯನ್ ಕಟ್ಟಬೇಕಾಯಿತು. ಡೆಬಿಯನ್‌ನ ಕ್ರಾಸ್-ಕಂಪೈಲರಿಗೆ ‘ಆರ್ಮ್‌ವಿ6ಗೆ ಕೋಡ್ ಕೊಡು’ ಎಂದರೆ ಅದು ನಮ್ಮ ಸಿ ಫೈಲುಗಳನ್ನು ಸರಿಯಾಗಿಯೇ ಕಂಪೈಲ್ ಮಾಡುತ್ತದೆ. ಅದರ ಜೊತೆ ಲಿಂಕ್ ಆಗುವ ಲಿಬ್‌ಜಿಸಿಸಿ ಮಾತ್ರ ಆರ್ಮ್‌ವಿ7ರ ಥಂಬ್-2 ಇನ್‌ಸ್ಟ್ರಕ್ಷನ್‌ಗಳಲ್ಲೇ ಇರುತ್ತದೆ. ಹೀಗೆ ತಯಾರಾದ ಬೂಟ್‌ಲೋಡರ್ ಮೊದಲ ಭಾಗಾಕಾರದವರೆಗೂ ಚೆನ್ನಾಗಿ ಓಡಿ, ಅಲ್ಲಿ ಪ್ರೊಸೆಸರಿಗೆ ಅರ್ಥವಾಗದ ಇನ್‌ಸ್ಟ್ರಕ್ಷನ್ ಸಿಕ್ಕಿ ಬೀಳುತ್ತದೆ. ಸೀರಿಯಲ್ ಪೋರ್ಟಿನ ಬಾಡ್ ದರವನ್ನು ಲೆಕ್ಕಹಾಕುವಲ್ಲೇ ಆ ಮೊದಲ ಭಾಗಾಕಾರ ಇದ್ದರೆ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ನೋಡುವವರಿಗೆ ಬೋರ್ಡೇ ಸತ್ತಂತೆ.

ಎಕ್ಸ್86ರಲ್ಲಿ ಇದೇ ತೊಂದರೆಗೆ ಇನ್ನೊಂದು ರೂಪ. 32 ಬಿಟ್ ಯು-ಬೂಟ್ ಜಾಗ ಉಳಿಸಲು ಮೊದಲ ಮೂರು ಆರ್ಗ್ಯುಮೆಂಟುಗಳನ್ನು ರಿಜಿಸ್ಟರ್‌ಗಳಲ್ಲಿ ಕಳಿಸುತ್ತದೆ. ಟೂಲ್‌ಚೈನಿನ ಲಿಬ್‌ಜಿಸಿಸಿ ಅವನ್ನು ಸ್ಟ್ಯಾಕಿನಲ್ಲಿ ಹುಡುಕುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ. ಇಲ್ಲಿ ಲಿಂಕರಿಗೆ ಅನುಮಾನವೂ ಬಾರದು. 64 ಬಿಟ್ ಭಾಗಾಕಾರ ತಪ್ಪು ಉತ್ತರ ಕೊಡುತ್ತಾ ಹೋಗುತ್ತದೆ. ಯು-ಬೂಟ್ ಇದಕ್ಕೆ ಮೊದಲು ಕಂಡುಕೊಂಡಿದ್ದ ಪರಿಹಾರ ಜಾಣತನದ್ದಾಗಿತ್ತು: ಲಿಬ್‌ಜಿಸಿಸಿಯ ಒಂದು ಪ್ರತಿ ಮಾಡಿಕೊಂಡು, ಅದರ ಎಲ್ಲ ಹೆಸರುಗಳಿಗೂ ‘ನಾರ್ಮಲ್’ ಎಂಬ ಪೂರ್ವಪದ ಅಂಟಿಸಿ, ನಡುವೆ ಸಣ್ಣ ಹೊದಿಕೆ ಫಂಕ್ಷನ್‌ಗಳನ್ನಿಟ್ಟು ಆರ್ಗ್ಯುಮೆಂಟುಗಳನ್ನು ರಿಜಿಸ್ಟರಿನಿಂದ ಸ್ಟ್ಯಾಕಿಗೆ ಸಾಗಿಸುವುದು. ಕೆಲಸವಂತೂ ಆಗುತ್ತಿತ್ತು. ಆದರೆ ನಾಲ್ಕಾರು ಗಣಿತದ ಫಂಕ್ಷನ್‌ಗಳನ್ನು ಎರವಲು ತರಲು ಇಷ್ಟು ಸುತ್ತುಬಳಸು ಬೇಕಾಗುತ್ತಿತ್ತು ಎಂಬುದೇ ಎರವಲಿನ ವಿರುದ್ಧ ಒಳ್ಳೆಯ ಸಾಕ್ಷ್ಯ.

ಎರಡು ದಾರಿಗಳ ಗುಣಭೇದ ಎದ್ದು ಕಾಣುವುದು ಸೊನ್ನೆಯಿಂದ ಭಾಗಿಸಿದಾಗ. ಲಿನಕ್ಸ್‌ಗೆಂದು ಕಟ್ಟಿದ ಆರ್ಮ್ ಲಿಬ್‌ಜಿಸಿಸಿ ಇಂಥ ಸಂದರ್ಭದಲ್ಲಿ ‘ರೈಸ್’ ಎಂಬ ಫಂಕ್ಷನ್ ಕರೆದು ಎಂಟನೆಯ ಸಿಗ್ನಲ್ ಕಳಿಸುತ್ತದೆ. ಬೂಟ್‌ಲೋಡರಿನಲ್ಲಿ ಸಿಗ್ನಲ್ ಎಂಬ ವ್ಯವಸ್ಥೆಯೇ ಇಲ್ಲ. ಲಿಂಕ್ ಆಗಲೆಂದು, ಯು-ಬೂಟ್ ಸ್ಥಾಪಕ ವೋಲ್ಫ್‌ಗಾಂಗ್ ಡೆಂಕ್ 2009ರ ಕೃತಿಸ್ವಾಮ್ಯ ನಮೂದಿನ ಒಂದು ಪುಟ್ಟ ಫೈಲಿನಲ್ಲಿ ‘ರೈಸ್’ ಫಂಕ್ಷನ್ನಿನ ಬದಲಿಯನ್ನು ಬರೆದಿಟ್ಟರು. ಇಂತಿಷ್ಟನೆಯ ಸಿಗ್ನಲ್ ಬಂತೆಂದು ಅದು ಮುದ್ರಿಸಿ, ಸೊನ್ನೆ ಹಿಂತಿರುಗಿಸಿ, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಎಸ್‌ಪಿಎಲ್‌ನಲ್ಲಿ ಪ್ರಿಂಟ್‌ಎಫ್ ದೊಡ್ಡದಾಯಿತೆಂಬ ಕಾರಣಕ್ಕೆ ಆ ಸಂದೇಶವನ್ನೂ ಕೈಬಿಟ್ಟಿದ್ದಾರೆ. ಅಂದರೆ ಮೆಮೊರಿಯ ವೇಗವನ್ನು ನಿಗದಿಮಾಡುವ ಹಂತದಲ್ಲಿ ಒಂದು ಗಡಿಯಾರದ ದರ ತಪ್ಪಿ ಸೊನ್ನೆಯೆಂದು ಬಂದರೆ, ಭಾಗಾಕಾರ ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಡುತ್ತದೆ, ಎಸ್‌ಪಿಎಲ್ ಅದನ್ನೇ ನಂಬಿ ಮುಂದೆ ಹೋಗುತ್ತದೆ.

ಖಾಸಗಿ ಪ್ರತಿಯಲ್ಲಿ ಇದೇ ತಪ್ಪು ‘ಡಿವ್‌0’ ಎಂಬ ಯು-ಬೂಟ್‌ನದೇ ಫಂಕ್ಷನ್‌ಗೆ ಹೋಗುತ್ತದೆ. ಅದರ ಒಡಲಲ್ಲಿ ಇರುವುದು ಒಂದೇ ಕರೆ: ‘ಹ್ಯಾಂಗ್’. ಯಂತ್ರ ಅಲ್ಲೇ ನಿಲ್ಲುತ್ತದೆ. ಸೀರಿಯಲ್ ಪೋರ್ಟ್ ಎಚ್ಚರವಾಗಿದ್ದರೆ ಬೋರ್ಡನ್ನು ರೀಸೆಟ್ ಮಾಡಿ ಎಂದು ಹೇಳಿ ನಿಲ್ಲುತ್ತದೆ. ಡೀಬಗ್ಗರ್ ಹಚ್ಚಿದವರಿಗೆ ಕರೆಗಳ ಸರಣಿ ಹಾಗೆಯೇ ಸಿಗುತ್ತದೆ. ತಪ್ಪು ಸಂಖ್ಯೆಯಿಂದ ಡಿಡಿಆರ್ ಚಾಲೂ ಮಾಡಿ, ಗಂಟೆಗಟ್ಟಲೆ ಓಡಿದ ಮೇಲೆ ಕರ್ನಲ್ ಎಲ್ಲೋ ಕುಸಿಯುವುದಕ್ಕಿಂತ ಹುಟ್ಟಿದ ಜಾಗದಲ್ಲೇ ನಿಲ್ಲುವುದು ಸಾವಿರ ಪಾಲು ಮೇಲು. ಹೀಗೆ ನಿಲ್ಲಬೇಕು ಎಂಬ ನಿರ್ಧಾರವನ್ನು ಬೂಟ್‌ಲೋಡರ್ ಮಾತ್ರ ಕೈಗೊಳ್ಳಬಲ್ಲದು. ಬೇರೊಂದು ಪರಿಸರಕ್ಕೆಂದು ಕಟ್ಟಿದ ಲೈಬ್ರರಿಗೆ ಆ ಅಧಿಕಾರ ಬಿಟ್ಟುಕೊಟ್ಟರೆ ಕೇಡು ನಮಗೇ.

ಖಾಸಗಿ ಪ್ರತಿಗೂ ದೌರ್ಬಲ್ಯಗಳಿವೆ, ಅವು ಸಣ್ಣವಲ್ಲ. ಅದು ಆಯ್ದ ಕೆಲವು ಫಂಕ್ಷನ್‌ಗಳ ಗೊಂಚಲು. ಕಂಪೈಲರ್ ನಾಳೆ ಹೊಸದೊಂದನ್ನು ಕೇಳಿದರೆ ಅದು ಇರುವುದಿಲ್ಲ. ಕಂಪೈಲರುಗಳು ಕೇಳುತ್ತಲೇ ಇರುತ್ತವೆ. 2020ರ ಜಿಸಿಸಿ 10, 64 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ ಅಟಾಮಿಕ್ ಕ್ರಿಯೆಗಳನ್ನು ಲಿಬ್‌ಜಿಸಿಸಿಯ ಹೊಸ ಫಂಕ್ಷನ್‌ಗಳ ಮೂಲಕ ಮಾಡಿಸಲು ಶುರುಮಾಡಿತು. ರಿಸ್ಕ್-ವಿಯಲ್ಲಿ ಕೋಡಿನ ಗಾತ್ರ ಇಳಿಸುವ ಒಂದು ಸ್ವಿಚ್ ಹಾಕಿದರೆ ಫಂಕ್ಷನ್‌ಗಳ ಆರಂಭದಲ್ಲಿ ರಿಜಿಸ್ಟರ್ ಉಳಿಸುವ ಕೆಲಸವೇ ಲಿಬ್‌ಜಿಸಿಸಿಗೆ ಹೋಗುತ್ತದೆ. ಬರೆಯುವ ಕೆಲಸವೂ ಸುಲಭವಲ್ಲ. ಆರ್ಮ್‌ನ 64 ಬಿಟ್ ಭಾಗಾಕಾರ ಫಂಕ್ಷನ್ ಭಾಗಲಬ್ಧವನ್ನು ಆರ್0, ಆರ್1ರಲ್ಲಿ, ಶೇಷವನ್ನು ಆರ್2, ಆರ್3ರಲ್ಲಿ ಒಟ್ಟಿಗೇ ಹಿಂತಿರುಗಿಸಬೇಕು. ಸಾದಾ ಸಿ ಫಂಕ್ಷನ್ನಿಗೆ ಅದು ಆಗದು, ಅಸೆಂಬ್ಲಿ ಬೇಕು. ಸಿ ಭಾಷೆಯಲ್ಲಿ ಬರೆಯಬಹುದಾದ ಕಡೆಯೂ ಬಲೆಯಿದೆ. ನಾವು ಬರೆದ ‘ಮೆಮ್‌ಸೆಟ್’ ಫಂಕ್ಷನ್ನಿನ ಲೂಪನ್ನು ನೋಡಿ ಕಂಪೈಲರ್ ‘ಇದು ಮೆಮ್‌ಸೆಟ್ ಕೆಲಸ’ ಎಂದು ಗುರುತಿಸಿ, ಆ ಲೂಪಿನ ಜಾಗದಲ್ಲಿ ‘ಮೆಮ್‌ಸೆಟ್’ಗೇ ಕರೆ ಹಾಕಬಲ್ಲದು. ಫಂಕ್ಷನ್ ತನ್ನನ್ನೇ ಕೊನೆಯಿಲ್ಲದೆ ಕರೆದುಕೊಳ್ಳುತ್ತಾ ಸ್ಟ್ಯಾಕನ್ನೆಲ್ಲ ನುಂಗುತ್ತದೆ.

ಆದ್ದರಿಂದ ಸ್ವಂತ ಪ್ರತಿ ಇರಲಿ, ಸ್ವಂತ ರಚನೆ ಬೇಡ. ಯು-ಬೂಟ್‌ನ ಆರ್ಮ್ ಫೈಲುಗಳು ಬಂದಿರುವುದು ಲಿನಕ್ಸ್ ಕರ್ನಲ್‌ನಿಂದ. ಅಸಂಖ್ಯ ಯಂತ್ರಗಳಲ್ಲಿ ಪಳಗಿದ ಕೋಡ್ ಅದು. ಆರ್ಮ್ ಪ್ರೊಸೆಸರುಗಳ ಇನ್ನೊಂದು ಬೂಟ್ ತಂತ್ರಾಂಶವಾದ ಟ್ರಸ್ಟೆಡ್ ಫರ್ಮ್‌ವೇರ್-ಎ ಎಲ್ಎಲ್‌ವಿಎಂನ ಕಂಪೈಲರ್-ಆರ್‌ಟಿಯಿಂದ ತನಗೆ ಬೇಕಾದ ಸೋರ್ಸ್ ಫೈಲುಗಳನ್ನು ಪ್ರತ್ಯೇಕ ಡೈರೆಕ್ಟರಿಯಲ್ಲಿ ತಂದಿಟ್ಟುಕೊಂಡಿದೆ. ಮೊದಲ ಎರಡೂ ದಾರಿಗಳ ಒಳ್ಳೆಯ ಅಂಶ ಅಲ್ಲಿ ಕೂಡಿದೆ ಎನಿಸುತ್ತದೆ: ಕೋಡ್ ಪರಿಣತರದ್ದು, ಕಂಪೈಲ್ ಮಾಡುವ ಸ್ವಿಚ್ಚುಗಳು ನಮ್ಮವು, ಮೂಲ ಯಾವುದೆಂದು ಸ್ಪಷ್ಟ.

ಲಿನಕ್ಸ್ ಕರ್ನಲ್ ಇನ್ನೂ ಕಟ್ಟುನಿಟ್ಟು. 32 ಬಿಟ್ ಯಂತ್ರದಲ್ಲಿ 64 ಬಿಟ್ ಸಂಖ್ಯೆಯನ್ನು ನೇರವಾಗಿ ಭಾಗಿಸಿದರೆ ಸಾಮಾನ್ಯವಾಗಿ ಲಿಂಕ್ ಆಗುವುದೇ ಇಲ್ಲ. ‘ಡು-ಡಿವ್’ನಂಥ ಮ್ಯಾಕ್ರೋವನ್ನು ಕೈಯಾರೆ ಬರೆಯಬೇಕು. ಮೊದಲ ಆರ್ಗ್ಯುಮೆಂಟನ್ನೇ ಭಾಗಲಬ್ಧವಾಗಿ ಬದಲಿಸಿ ಶೇಷವನ್ನು ಹಿಂತಿರುಗಿಸುವ ಆ ಮ್ಯಾಕ್ರೋ ಓದಲು ಸುಂದರವಲ್ಲ. ಆದರೆ ದುಬಾರಿ ಲೆಕ್ಕವೊಂದು ನಡೆಯುತ್ತಿದೆ ಎಂಬುದನ್ನು ಅದು ಓದುಗರ ಕಣ್ಣಿಗೆ ತರುತ್ತದೆ. ಆ ಶಿಸ್ತು ಎಸ್‌ಪಿಎಲ್‌ಗೂ ಒಪ್ಪುತ್ತದೆ.

ಟೂಲ್‌ಚೈನಿನ ಪರವಾದ ವಾದವನ್ನೂ ಕೇಳಬೇಕು. ಉಳಿದ ಲೈಬ್ರರಿಗಳನ್ನು ಬಿಟ್ಟರೂ ಲಿಬ್‌ಜಿಸಿಸಿ ಬಹುತೇಕ ಬೇಕೇ ಬೇಕು ಎಂದು ಜಿಸಿಸಿ ಕೈಪಿಡಿಯೇ ಹೇಳುತ್ತದೆ. ಕಾರ್ಟೆಕ್ಸ್-ಎಂ ಮೈಕ್ರೋಕಂಟ್ರೋಲರುಗಳಿಗೆ ಬೂಟ್‌ಲೋಡರ್ ಬರೆಯುವವರ ವಿಷಯದಲ್ಲಿ ನಾನು ಇದನ್ನು ಒಪ್ಪುತ್ತೇನೆ. ಅವರ ಬೇರ್-ಮೆಟಲ್ ಟೂಲ್‌ಚೈನುಗಳಲ್ಲಿ ಪ್ರೊಸೆಸರಿಗೊಂದು, ಫ್ಲೋಟ್ ಬಗೆಗೊಂದು ಎಂದು ಲಿಬ್‌ಜಿಸಿಸಿಯ ಹಲವು ಪ್ರತಿಗಳಿದ್ದು, ಸ್ವಿಚ್ಚುಗಳಿಗೆ ಹೊಂದುವ ಪ್ರತಿಯನ್ನು ಕಂಪೈಲರೇ ಆರಿಸುತ್ತದೆ. ಆರ್ಮ್‌ನ ರನ್‌ಟೈಮ್ ಎಬಿಐ ದಾಖಲೆ ಸೊನ್ನೆ ಭಾಗಾಕಾರದ ಫಂಕ್ಷನ್ನನ್ನು ಪ್ರೋಗ್ರಾಂ ತಾನೇ ಒದಗಿಸಲು ಅವಕಾಶ ಕೊಟ್ಟಿದೆ. ಅದನ್ನು ಬರೆದುಕೊಂಡರೆ ಅವರಿಗೆ ಖಾಸಗಿ ಪ್ರತಿಯ ಅಗತ್ಯವಿಲ್ಲ. ಆದರೆ ಯಾರ ಕೈಯಲ್ಲಿ ಯಾವ ಡಿಸ್ಟ್ರಿಬ್ಯೂಷನ್ನಿನ ಕಂಪೈಲರ್ ಇದೆಯೋ ತಿಳಿಯದ, ನೂರಾರು ಬೋರ್ಡುಗಳನ್ನು ಎಬ್ಬಿಸಬೇಕಾದ ಯು-ಬೂಟ್‌ನಂಥ ಯೋಜನೆಗೆ ಈ ವಾದ ಹೊಂದುವುದಿಲ್ಲ.

ಯು-ಬೂಟ್ ಇನ್ನೂ ಮಾಡಬೇಕಾದದ್ದಿದೆ. ಎಸ್‌ಪಿಎಲ್‌ನಲ್ಲಿ ಮೌನವಾಗಿ ಮರಳುವ ‘ರೈಸ್’ ಹೋಗಿ ‘ಹ್ಯಾಂಗ್’ ಬರಬೇಕು; ಎರಡು ದಾರಿಗಳಲ್ಲೂ ಸೊನ್ನೆ ಭಾಗಾಕಾರದ ಫಲ ಒಂದೇ ಆಗಿರಬೇಕು. ನಾವು ಮಾಡಬೇಕಾದದ್ದೂ ಇದೆ. ಬೂಟ್‌ಲೋಡರ್ ಕಟ್ಟಿದ ಮೇಲೆ ಮ್ಯಾಪ್ ಫೈಲ್ ತೆರೆದು ಲಿಬ್‌ಜಿಸಿಸಿಯಿಂದ ಯಾವ ಯಾವ ಆಬ್ಜೆಕ್ಟುಗಳು ಒಳಬಂದಿವೆ ಎಂದು ನೋಡಬೇಕು. ಅವುಗಳ ಡಿಸ್‌ಅಸೆಂಬ್ಲಿಯನ್ನು ಒಮ್ಮೆಯಾದರೂ ಓದಬೇಕು. ಬೇಕೆಂದೇ ಸೊನ್ನೆಯಿಂದ ಭಾಗಿಸಿ ಬೋರ್ಡ್ ಏನು ಮಾಡುತ್ತದೆ ಎಂದು ಪರೀಕ್ಷಿಸಬೇಕು. ಲಿಂಕರ್ ‘ಈ ಫಂಕ್ಷನ್ ಸಿಗಲಿಲ್ಲ’ ಎಂದಾಗ ಹುಡುಕಿ ಸಿಕ್ಕ ಸ್ವಿಚ್ಚೊಂದನ್ನು ಅಂಟಿಸಿ ಬಾಯಿ ಮುಚ್ಚಿಸುವ ಬದಲು, ಈ ಭಾಗಾಕಾರ ಇಲ್ಲಿ ಬೇಕೇ ಎಂದು ಮೊದಲು ಕೇಳಬೇಕು. ಬೇಕೆಂದಾದರೆ ಅದರ ಕೋಡನ್ನು ಉಳಿದ ಬೂಟ್‌ಲೋಡರಿನ ಜೊತೆಗೇ, ಅದೇ ಸ್ವಿಚ್ಚುಗಳಲ್ಲಿ ಕಂಪೈಲ್ ಮಾಡಬೇಕು. ಯಂತ್ರದಲ್ಲಿ ಮೊದಲು ಓಡುವ ತಂತ್ರಾಂಶಕ್ಕೆ ಇದಕ್ಕಿಂತ ಸಡಿಲವಾದ ನಿಯಮ ಸಲ್ಲದು.